ಒಂದು ಗಂಟೆಯಲ್ಲಿ ಫೋಟೋ

ಮಧ್ಯಾಹ್ನ ನಾಲ್ಕಕ್ಕೇ ಕತ್ತಲು ಕವಿದು ಮಳೆ ಹಿಡಿದುಕೊಂಡಿತು. ಫೋಟೋ ತಾತನ, ಎಂದೋ ವ್ಯಾಪಾರ ನಿಂತ ಸ್ಟುಡಿಯೋದಲ್ಲಿ ನಾವು ಮೂವರು ಸಿಕ್ಕಿಕೊಂಡೆವು: ಪಕ್ಕದ ಅಂಗಡಿಯ ದರ್ಜಿ, ಅವನಲ್ಲಿಗೆ ಬಟ್ಟೆ ಕೊಡಲು ಬಂದು ಅಲ್ಲಿ ಚಾವಣಿ ಸೋರುವುದನ್ನು ಕಂಡು ಇತ್ತ ಓಡಿಬಂದ ಟೀಚರಮ್ಮ, ಮತ್ತು ಮಡಿಲಲ್ಲಿ ರಟ್ಟಿನ ಡಬ್ಬಿ ಇಟ್ಟುಕೊಂಡ ನಾನು. ಡಬ್ಬಿಯಲ್ಲಿ ನಮ್ಮ ಮನೆಯ ಹಳೆಯ ಫೋಟೋಗಳಿದ್ದವು. ಅವುಗಳಲ್ಲೊಂದು, ತೀರಿಹೋದ ನನ್ನಮ್ಮ ಹುಡುಗಿಯಾಗಿದ್ದಾಗಿನದು, ಮೂಲೆಯಿಂದ ಹಳದಿಗಟ್ಟುತ್ತ ಬಂದು, ಈಗ ಕಂದು ಕಲೆಯೊಂದು ಮುಖವನ್ನೂ ನುಂಗಿಹಾಕಿತ್ತು. ಅದನ್ನು ಉಳಿಸಿಕೊಳ್ಳುವ ದಾರಿ ಕೇಳಲೆಂದೇ ನಾನು ಬಂದದ್ದು.

ಟೀಚರಮ್ಮ ಕುಡಿಯಲು ನೀರು ಕೇಳಿದರು.

"ಈ ಅಂಗಡೀಲಿ ನೀರಿನ ಕನೆಕ್ಷನ್ ತೆಗೆಸಿ ಹನ್ನೆರಡು ವರ್ಷ ಆಯ್ತು ತಾಯಿ," ಎಂದ ತಾತ. "ಕುಡಿಯೋದಕ್ಕೆ ಈ ದರ್ಜಿ ಬಿಂದಿಗೇಲಿ ತಂದಿಟ್ಟಿರ್ತಾನೆ, ಅದೇ."

ದರ್ಜಿ ಲೋಟ ತುಂಬಿಸಿ ಕೊಟ್ಟ. ಹೊರಗೆ ಮಳೆ ಒಂದೇ ಸಮ ಸುರಿಯುತ್ತಿತ್ತು. ತಾತ ನನ್ನ ಕೈಯಿಂದ ಅಮ್ಮನ ಫೋಟೋ ತೆಗೆದುಕೊಂಡು, ಮುಖ ನೋಡದೆ ಮೊದಲು ಅದರ ಹಿಂಬದಿ ತಿರುಗಿಸಿದ. ಅಲ್ಲಿ ಅವನದೇ ಸ್ಟುಡಿಯೋದ ಸೀಲು, ಕೆಳಗೆ ತಾರೀಕು. "ಆ ವರ್ಷದ್ದು," ಎಂದು ಮೆಲ್ಲಗೆ ಹೇಳಿ ಅದನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡ. ನಮ್ಮ ಮುಖಗಳನ್ನು ಒಂದೊಂದಾಗಿ, ಕ್ಯಾಮೆರಾದ ಹಿಂದೆ ನಿಂತವನಂತೆ ನೋಡಿ, ಶುರುಮಾಡಿದ.

"ನನ್ನಂಥ ಫೋಟೋಗ್ರಾಫರ್ ಈ ಭೂಮಿ ಮೇಲೆ ಹುಟ್ಟಿಲ್ಲ, ಇದನ್ನ ನಾನು ಹೇಳ್ಬಾರದು, ಆದ್ರೆ ಹೇಳೋರೆಲ್ಲ ಸತ್ತುಹೋದ್ರಲ್ಲ, ಏನ್ಮಾಡ್ಲಿ? ಅಳೋ ಮಕ್ಕಳು ನನ್ನ ನೆರಳು ನೋಡಿದ್ರೆ ನಗೋರು. ಮೆಳ್ಳೆಗಣ್ಣಿನ ಗಂಡಸರು ನನ್ನ ಫೋಟೋದಲ್ಲಿ ನೆಟ್ಟಗೆ ನೋಡೋರು. ಒಬ್ಬಾಕೆ ಬಂದು, ಗಂಡ ತೀರ್ಕೊಂಡ್ರು, ಒಂದು ಫೋಟೋನೂ ಇಲ್ಲ ಅಂತ ಅತ್ಲು. ಅವಳ ಮೈದುನನ್ನೇ ಕೂರಿಸಿ ಫೋಟೋ ಹೊಡೆದು, ಪ್ರಿಂಟಿನ ಮೇಲೆ ಮೀಸೆ ಬರೆದು ಕೊಟ್ಟೆ. 'ಅಯ್ಯೋ, ಇವರೇ ಕಣ್ರೀ' ಅಂತ ಫೋಟೋನ ಅಪ್ಕೊಂಡ್ಲು. ಮೈದುನ ಪಕ್ಕದಲ್ಲೇ ನಿಂತಿದ್ದ, ಪಾಪ, ಅವನನ್ನ ತಿರುಗಿ ನೋಡಿದ್ರೆ ಕೇಳಿ..."

"ಫೋಟೋ ಉಳಿಸೋ ವಿಚಾರ ಕೇಳೋಕೆ ಬಂದಿದ್ದಾರೆ ತಾತ," ಎಂದ ದರ್ಜಿ.

"ಅದನ್ನೇ ಹೇಳ್ತಿರೋದು. ಉಳಿಸೋದು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಗೋಂದು ಹಚ್ಚಬೇಡಿ, ಬಿಸಿಲಿಗೆ ನೇತು ಹಾಕಬೇಡಿ, ಬೆರಳಿಡಬೇಡಿ, ಎಲ್ಲಾ ಸರಿ. ಆದ್ರೆ ಫೋಟೋ ಉಳಿಯುತ್ತೋ ಇಲ್ವೋ ಅನ್ನೋದು ಅದು ಹುಟ್ಟಿದ ದಿನಾನೇ ತೀರ್ಮಾನ ಆಗಿರುತ್ತೆ, ಅಲ್ಲಿ, ಆ ಡಾರ್ಕ್‌ರೂಮಲ್ಲಿ."

ಅಂಗಡಿಯ ಹಿಂಬದಿಯ ಕರಿ ಪರದೆಯತ್ತ ಅವನು ಗಲ್ಲ ಎತ್ತಿದ.

"ಚಿತ್ರ ಮೂಡಿದ ಮೇಲೆ ಹೈಪೋ ಅನ್ನೋ ನೀರಲ್ಲಿ ಅದ್ದಬೇಕು. ಅದೇ ಚಿತ್ರಾನ ಹಿಡಿದು ನಿಲ್ಲಿಸೋದು. ಆದ್ರೆ ಆ ಹೈಪೋ ಕಾಗದದಲ್ಲೇ ಉಳಿದ್ರೆ, ನಿಲ್ಲಿಸಿದ ಅದೇ ಕೈ ಚಿತ್ರದ ಕತ್ತು ಹಿಸುಕುತ್ತೆ. ಐದು ವರ್ಷ, ಹತ್ತು ವರ್ಷ... ಒಳಗಿಂದ ತಿಂತಾ ಬರುತ್ತೆ. ಅದಕ್ಕೇ ಪೂರ್ತಿ ಒಂದು ಗಂಟೆ ಹರಿಯೋ ನೀರಲ್ಲಿ ತೊಳೀಬೇಕು. ನಾನು ತೊಳೀತಿದ್ದೆ. ನಾನು ತೊಳೆದ ನೀರಲ್ಲಿ ಮೀನು ಬಿಟ್ಟಿದ್ರೆ ಬದುಕ್ತಿತ್ತು. ಆದ್ರೆ ಆ ವರ್ಷ ಎದುರು ಸಾಲಲ್ಲಿ ಇನ್ನೊಬ್ಬ ಸ್ಟುಡಿಯೋ ಹಾಕಿ 'ಎರಡು ಗಂಟೆಯಲ್ಲಿ ಫೋಟೋ' ಅಂತ ಬೋರ್ಡು ಬರೆಸಿದ. ನನ್ನ ಮರ್ಯಾದೆ ಏನಾಗ್ಬೇಕು? ಮಾರನೇ ದಿನಾನೇ ನಾನು 'ಒಂದು ಗಂಟೆಯಲ್ಲಿ ಫೋಟೋ' ಅಂತ ಬರೆಸಿದೆ. ತೊಳೆಯೋದಕ್ಕೇ ಒಂದು ಗಂಟೆ ಬೇಕು, ಇನ್ನು ತೆಗೆಯೋದು ಯಾವಾಗ, ಒಣಗಿಸೋದು ಯಾವಾಗ? ಐದು ನಿಮಿಷ ಅಲ್ಲಾಡಿಸಿ ಕೊಟ್ಟುಬಿಡ್ತಿದ್ದೆ. ನೆಗೆಟಿವ್‌ಗೂ ಅದೇ ಗತಿ."

ನನ್ನ ಕಣ್ಣು ಅವನ ಮೊಣಕಾಲ ಮೇಲಿದ್ದ ಫೋಟೋಕ್ಕೆ ಹೋಯಿತು. ಅವನು ಅದರ ಮೇಲೆ ಅಂಗೈ ಇಟ್ಟುಕೊಂಡ.

"ಆ ವರ್ಷ ಒಬ್ಬ ಹೆಂಗಸು ಬಂದ್ಲು, ಟೆಲಿಫೋನ್ ಆಫೀಸಲ್ಲಿ ಕೆಲಸ, ಕಂಕುಳಲ್ಲಿ ಕೂಸು. ಮಗು ಜೊತೆ ಒಂದೇ ಒಂದು ಫೋಟೋ ತೆಗೆಸ್ಕೊಂಡ್ಲು. ಉಸಿರು ಬಿಗಿ ಹಿಡಿದು ಕೂತು, 'ಈಗ ಕಣ್ಣು ಮಿಟುಕಿಸಬಹುದಾ?' ಅಂತ ಕೇಳಿದ್ಲು. ನಾನು ಉತ್ತರಾನೂ ಕೊಡದೆ ಒಳಗೆ ಓಡಿದೆ. ಗಂಟೆಯೊಳಗೆ ಕೊಡಬೇಕಲ್ಲ... ಮೂರು ತಿಂಗಳಿಗೆ ಅವಳು ಜ್ವರದಲ್ಲಿ ಹೋದ್ಲು. ಅವಳ ತಾಯಿ, ನೋಡೋಕೆ ಮನಸ್ಸು ತಡೀದೆ ಫೋಟೋನ ಟ್ರಂಕಿನ ತಳದಲ್ಲಿಟ್ಟು, ಆರು ವರ್ಷದ ಮೇಲೆ ತೆಗೆದ್ರು. ಕುರ್ಚಿ ಇದೆ, ಕೂಸು ಇದೆ. ಕೂಸಿನ ಮೇಲ್ಗಡೆ, ತಾಯಿ ಮುಖ ಇರಬೇಕಾದ ಕಡೆ, ಒಂದು ಕಂದು ಕಲೆ. ಅಷ್ಟೇ.

"ಮೊಮ್ಮಗಳನ್ನ ಕರ್ಕೊಂಡು ಆ ಅಜ್ಜಿ ಇಲ್ಲಿಗೆ ಬಂದ್ರು. ಬೈಲಿಲ್ಲ. ಬೈದಿದ್ರೆ ನಾನು ಬದುಕ್ತಿದ್ದೆ. ಆ ಹುಡುಗಿ ಮೇಜಿನ ಮೇಲೆ ಗಲ್ಲ ಊರಿ ನಿಂತು, 'ಮಾಮ, ನೀವು ನಮ್ಮಮ್ಮನ್ನ ನೋಡಿದ್ದೀರಲ್ಲ, ಹೇಗಿದ್ರು?' ಅಂತ ಕೇಳಿದ್ಲು. ಈಗ ನಿಜ ಹೇಳ್ತೀನಿ. ಅವಳ ದನಿ ನೆನಪಿತ್ತು. ಮುಖ... ಒಂಚೂರೂ ಇರ್ಲಿಲ್ಲ. ಆದ್ರೆ ನಾನ್ಯಾರು? ಗೊತ್ತಿಲ್ಲ ಅಂತ ಹೇಳೋ ಬಾಯಾ ಇದು? 'ಆಹಾ, ನಿಮ್ಮಮ್ಮನ ಜಡೆ ಸೊಂಟ ಮುಟ್ತಿತ್ತು ಪುಟ್ಟಿ' ಅಂದುಬಿಟ್ಟೆ. ಹುಡುಗಿ ಮುಖ ಅರಳಿತು ನೋಡಿ... ಮಾರನೇ ದಿನ ಸ್ಕೂಲು ಬಿಟ್ಟ ತಕ್ಷಣ ಬಂದು ನಿಂತ್ಲು. ಅವತ್ತು ಜಡೆ ಮಂಡಿಗೆ ಬಂತು. ಮೂರನೇ ದಿನ ಹಿಮ್ಮಡಿಗೆ."

"ಹೋದ ಸಲ ಹೇಳಿದಾಗ ಮಂಡಿಗೇ ನಿಂತಿತ್ತು," ಎಂದ ದರ್ಜಿ.

"ನೀನು ತೋಳಿನ ಅಳತೆ ತಗೊಂಡು ಕಾಲು ಹೊಲಿಯೋನು, ಜಡೆ ಅಳತೆ ನಿಂಗ್ಯಾಕೆ? ಕೇಳಿ ತಾಯಿ... ಕಣ್ಣು ಲಾರಿ ದೀಪದಷ್ಟು ದೊಡ್ಡವು ಅಂದೆ. ಮೇಜಿನ ಮೇಲೆ ಹೈಪೋ ಹನಿಯ ಗುರುತು ಬಿದ್ದಿತ್ತು, ಅದನ್ನ ನೋಡಿ ಗಲ್ಲದ ಮೇಲೆ ಒಂದು ಮಚ್ಚೆ ಇಟ್ಟೆ. ಸುಳ್ಳು ಅಂತ ನಂಗೆ ಅನ್ನಿಸ್ಲೇ ಇಲ್ಲ. ಬೆಳಗೋ ಮುಖ ನೋಡ್ತಾ ಇದ್ರೆ ಯಾರಿಗೆ ಅನ್ಸುತ್ತೆ?

"ಆಗ ಶುರುವಾಯ್ತು. ಒಬ್ಬ ಗುಮಾಸ್ತನ ಪಾಸ್‌ಪೋರ್ಟ್ ಫೋಟೋ ತೊಳೀತಿದ್ದೆ, ಅವನ ಹೆಗಲ ಹಿಂದೆ ಒಂದು ಜಡೆ. ಮದುವೆ ಗುಂಪಿನ ಫೋಟೋದಲ್ಲಿ, ಹಿಂದಿನ ಸಾಲಲ್ಲಿ, ಒಬ್ಬಳು ಜಾಸ್ತಿ. ಮುಖದ ಜಾಗದಲ್ಲಿ ಬರೀ ಕಂದು ಕಲೆ. ಗಂಡಿನ ಕಡೆಯೋರು ಹೆಣ್ಣಿನ ಕಡೆಯೋಳು ಅಂದ್ಕೊಂಡ್ರು, ಹೆಣ್ಣಿನ ಕಡೆಯೋರು ಗಂಡಿನ ಕಡೆಯೋಳು ಅಂದ್ಕೊಂಡ್ರು, ಹಾಗಾಗಿ ನನ್ನ ಅಂಗಡಿ ಉಳೀತು. ಆದ್ರೆ ನಾನು ಏನು ಹೇಳ್ತಿದ್ನೋ ಅದು ಅವಳಿಗೆ ಅಂಟ್ಕೊಳ್ತಾ ಬಂತು. ಸೋಮವಾರ ಮಚ್ಚೆ ಅಂದ್ರೆ ಮಂಗಳವಾರದ ಪ್ರಿಂಟಲ್ಲಿ ಮಚ್ಚೆ. ಕಣ್ಣು ಅಂದ್ರೆ ಕಣ್ಣು... ಆ ಕಣ್ಣು ತಾಯಿ, ಮಿಟುಕಿಸೋದಕ್ಕೆ ಯಾರದೋ ಅಪ್ಪಣೆ ಕಾಯ್ತಿದ್ದ ಹಾಗೆ ತೆರೆದಿದ್ವು.

"ನಾನೇನು ಹೆದರ್ದೆ ಅಂದ್ಕೊಂಡ್ರಾ? ಕುಣಿದಾಡಿದೆ. ನಾನು ಅಳಿಸಿಹಾಕಿದವಳನ್ನ ನಾನೇ ವಾಪಸ್ ತಂದೆ ಅಂತ. ಹುಡುಗೀನ ಅದೇ ಕುರ್ಚಿ ಮೇಲೆ ಒಬ್ಬಳನ್ನೇ ಕೂರಿಸಿ ಫೋಟೋ ತೆಗೆದೆ. ಹೊಸ ಹೈಪೋ ಕಲಸ್ದೆ. ಒಂದು ಗಂಟೆ ಅಲ್ಲ, ಎರಡು ಗಂಟೆ, ಹರಿಯೋ ನೀರಲ್ಲಿ ತೊಳೆದೆ. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ತೊಳೆದ ಇನ್ನೊಂದು ಪ್ರಿಂಟ್ ಇಲ್ಲ. ಹುಡುಗಿ ಹಿಂದೆ ಅವಳು ನಿಂತಿದ್ಲು, ಕೈ ಮಗಳ ಹೆಗಲ ಮೇಲೆ, ಜಡೆ ಹಿಮ್ಮಡಿವರೆಗೆ.

"ಅಜ್ಜಿ ಕನ್ನಡಕ ಹಾಕ್ಕೊಂಡು ನೋಡಿದ್ರು. ತುಂಬಾ ಹೊತ್ತು ನೋಡಿದ್ರು. 'ಇವಳ್ಯಾರು?' ಅಂದ್ರು. 'ನನ್ನ ಮಗಳಿಗೆ ಕೂದಲು ಕುತ್ತಿಗೆವರೆಗೆ ಅಷ್ಟೇ ಇತ್ತು. ಪುಟ್ಟ ಪುಟ್ಟ ಕಣ್ಣು. ಮಚ್ಚೆ ಯಾವತ್ತೂ ಇರ್ಲಿಲ್ಲ.' ಅಷ್ಟರಲ್ಲಿ ಹುಡುಗಿ ಫೋಟೋ ಕಿತ್ಕೊಂಡು ಎದೆಗೆ ಒತ್ಕೊಂಡಿದ್ಲು. 'ಇದೇ ನಮ್ಮಮ್ಮ. ಅಜ್ಜೀ, ನಿಂಗೆ ಮರೆತುಹೋಗಿದೆ,' ಅಂದ್ಲು.

"ನಾನು ಆಗ ಬಾಯಿ ಬಿಡಬಹುದಿತ್ತು, ಅಲ್ವಾ? ಬಿಡ್ಲಿಲ್ಲ. ಆ ಫೋಟೋ ಅವರ ಗೋಡೆ ಮೇಲೆ ಏರಿತು. ದಿನಾ ಅದನ್ನ ನೋಡಿ ನೋಡಿ, ಮಾರನೇ ವರ್ಷದ ಹೊತ್ತಿಗೆ ಆ ಅಜ್ಜಿನೂ, 'ಹೌದು, ಜಡೆ ಉದ್ದ ಇತ್ತು ಅನ್ಸುತ್ತೆ' ಅನ್ನೋಕೆ ಶುರುಮಾಡಿದ್ರು. ಹಾಗೆ ಹೇಳ್ತಾನೇ ತೀರ್ಕೊಂಡ್ರು. ಅಲ್ಲಿಗೆ ಮುಗೀತು... ಅವಳ ನಿಜವಾದ ಮುಖ ಕಂಡಿದ್ದ ತಲೆ ಇನ್ನೊಂದು ಉಳೀಲಿಲ್ಲ. ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಫೋಟೋ ನಿನ್ನೆ ತೊಳೆದ ಹಾಗಿದೆ. ಅದು ಮಾಸಲ್ಲ. ಚೆನ್ನಾಗಿ ತೊಳೆದಿದ್ದೀನಲ್ಲ."

ಅವನ ಮಾತಿನಲ್ಲಿ ಅರ್ಧ ಕಳೆದರೂ ಉಳಿದ ಅರ್ಧವೇ ಭಾರವಾಗಿತ್ತು. ಟೀಚರಮ್ಮ ಲೋಟ ಕೆಳಗಿಟ್ಟು, "ಮಳೆ ನಿಂತರೆ ಹೊರಡ್ತೀನಿ," ಎಂದರು.

"ಮಳೆ ನಿಂತು ಎಷ್ಟೋ ಹೊತ್ತಾಯ್ತಲ್ಲ ತಾಯಿ."

ನಾವು ಬಾಗಿಲತ್ತ ತಿರುಗಿದೆವು. ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಜನ ಕೊಡೆ ಮಡಚಿ ನಡೆಯುತ್ತಿದ್ದರು. ಆದರೆ ನಾವು ಇಷ್ಟು ಹೊತ್ತೂ ಕೇಳುತ್ತಿದ್ದ ನೀರಿನ ಸದ್ದು ನಿಂತಿರಲಿಲ್ಲ. ಅದು ಕರಿ ಪರದೆಯ ಆಚೆಯಿಂದ ಬರುತ್ತಿತ್ತು. ತೆರೆದ ನಲ್ಲಿ, ತುಂಬಿ ಹರಿಯುವ ತಟ್ಟೆ, ಅದರೊಳಗೆ ಯಾರೋ ಏನನ್ನೋ ತಿಕ್ಕಿ ತಿಕ್ಕಿ ತೊಳೆಯುತ್ತಿರುವ ಸದ್ದು. ದರ್ಜಿಯ ಮುಖದಲ್ಲಿ ಈಗ ತಮಾಷೆಯಿರಲಿಲ್ಲ.

"ಕನೆಕ್ಷನ್ ತೆಗೆಸಿದ್ದೇ ಅದಕ್ಕೆ," ಎಂದ ತಾತ. "ಪ್ರಯೋಜನ ಆಗ್ಲಿಲ್ಲ. ನಾನು ಅಂಟಿಸಿದ ಮುಖ ತೊಳ್ಕೊಳ್ತಿದ್ದಾಳೆ. ಹೋಗ್ತಾ ಇಲ್ಲ..."

ಆಮೇಲೆ ಅವನು ನನ್ನಮ್ಮನ ಫೋಟೋವನ್ನು ಮೊಣಕಾಲ ಮೇಲಿಂದ ಎತ್ತಿ, ಮೊದಲ ಸಲ ಅದರ ಮುಖ ತಿರುಗಿಸಿ, ಆ ಕಂದು ಕಲೆಯನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ಮೆಲ್ಲಗೆ ಹೊಳೆಯತೊಡಗಿತು.

"ನಿಮ್ಮಮ್ಮ ಅಂದ್ರಲ್ಲ... ಅಯ್ಯೋ, ನಂಗೆ ಚೆನ್ನಾಗಿ ನೆನಪಿದ್ದಾರೆ. ಹೇಗಿದ್ರು ಅಂತ ಹೇಳ್ಲಾ?"