ತಗಡಿನ ಭೋಂಗಾ

...ಹಂಗ ನನ್ನ ಬಾಯಿ ನೋಡಬ್ಯಾಡ ಸೂಗಮ್ಮ! ಬಾಯಿ ನೋಡಿ ಹೂಂ ಅನ್ನೋದಲ್ಲ ಇದು. ಈ ರೇಡಿಯೋ ಕಡಿ ಕಿವಿ ಕೊಡು. ಹಾಂ, ಹಂಗ. ಕೇಳ್ತದಿಲ್ಲೋ? ಕೇಳ್ತದ! ನಾ ಹೇಳಿದ್ನಿಲ್ಲ? ಜ್ವರದಾಗ ಒಂಚೂರು ಮಂದ ಆಗ್ಯಾವ, ಅಷ್ಟ. ನಾಳಿ ಮುಂಜಾನಿ ನಿಮ್ಮಣ್ಣ ಅಣವೀರಪ್ಪ ಕಮಲಾಪುರದಿಂದ ಬಂಡಿ ಕಟ್ಕೊಂಡು ಬರ್ತಾನ. "ತಂಗೀ ಕಿವಿ ಹೋಗ್ಯಾವಂತ, ಖರೇನಾ?" ಅಂತ ಕಾಗದ ಬರದಾನ. ಬರ್ಲಿ! ಅವನ ಮುಂದ ನೀ ರೇಡಿಯೋ ಕೇಳು, ಅವ ಉಂಡು ಒಬ್ಬನ ಹೊಳ್ಳಿ ಹೋಗ್ತಾನ. ಕೇಳಲಿಲ್ಲಾಂದ್ರ ನಿನ್ನ ಕರ್ಕೊಂಡು ಹೋಗ್ತಾನ, ಮತ್ತ ಕಳಸಂಗಿಲ್ಲ. ನಂಗ ಗೊತ್ತದ.

ಯಾಕ ನಗ್ತಿ? ...ಓ, ಗಸಗಸಿ ಕುಣ್ಯಾದು ನೋಡಿ? ಸ್ಪೀಕರಿನ ಒಳಗಿನ ಕಾಗದದ ಮ್ಯಾಲ ನಾಕ ಕಾಳು ಉದುರಿಸಿ ನೋಡೋದು ನಮ್ಮ ರೇಡಿಯೋ ರಿಪೇರಿ ಮಂದಿ ರೂಢಿ. ದನಿ ಎಷ್ಟದ ಅಂತ ಗೊತ್ತಾಗ್ತದ. ತಡಿ, ಕಾಳು ಝಾಡಿಸ್ತೀನಿ... ಈಗ? ಈಗ ಹೇಳು!

ಯಾಕ ತಲಿ ಆಡಿಸವಲ್ಲಿ?

ಹೋಗ್ಲಿ, ಹೋಗ್ಲಿ. ನಿಂದೇನೂ ತಪ್ಪಿಲ್ಲ, ಈ ಸ್ಪೀಕರ್ ಪೆಟ್ಟಿಗೀದು. ಪಾಲಿಶ್ ನೋಡಿ ಮಳ್ಳಾಗಿ ತಂದೆ. ನಮ್ಮದು ಎರಡ ವಾಲ್ವಿನ ಮಷೀನು, ಬ್ಯಾಟರಿ ಮ್ಯಾಲ ನಡಿಯೋದು, ಅದರ ತಾಕತ್ತರ ಎಷ್ಟು? ಇದ್ದ ತಾಕತ್ತೆಲ್ಲಾ ಈ ಪೆಟ್ಟಿಗೀನ ನುಂಗ್ತದ. ಮೋಮಿನಪುರದ ರೇಡಿಯೋ ಅಂಗಡಿ ಖಮರುದ್ದೀನ್ ಸಾಬರು ಬೈದ್ರು ನನಗ. "ದೇವೀಂದ್ರಪ್ಪ, ಸಣ್ಣ ಮಷೀನಿಗೆ ಉದ್ದ ಕುತ್ತಿಗೀ ಭೋಂಗಾ ಬೇಕೋ, ತುತ್ತೂರಿ ಥರದ್ದು! ಸ್ವಲ್ಪ ಕೊಟ್ರೂ ಬಾಳ ಕೂಗ್ತದ" ಅಂದ್ರು. ಹಳೀ ಸಾಮಾನಿನಾಗಿಂದ ಇದನ್ನ ತಗದು ಕೊಟ್ರು. ತಗ್ಗು ಬಿದ್ದದ, ಬಣ್ಣ ಹೋಗ್ಯದ, ಅದಕ್ಕ ಅಗ್ಗ. ಇರ್ಲಿ. ಈ ಗೂಟಕ್ಕ ಹಾಕ್ತೀನಿ... ತಂತಿ ಹಚ್ಚಿದೆ... ಅಬ್ಬಬ್ಬಾ! ಕೇಳು! ಕೇಳು ಸೂಗಮ್ಮ!

ಯಾರು? ಚಾಂದಬಿ ಏನು? ಆಯ್ತ್ರೀ ಚಾಂದಬಿ, ಕೂಸು ಎದ್ದಿತೇನ್ರೀ? ಒಂದ ಘಳಿಗಿ, ಬಂದ್ ಮಾಡ್ತೀನ್ರೀ!

ಕೇಳಿದ್ಯಾ? ಗ್ವಾಡಿ ಆಚೀ ಕಡಿ ಕೂಸು ಎದ್ದದ! ನಿನಗೂ ಕೇಳ್ತದಲ್ಲ? ತಲಿ ಆಡಿಸ್ದಿ! ನನ್ನ ಬಂಗಾರ! ಯಾರು ಹಾಡಾಕತ್ತಾರ, ಗಂಡಸಾ? ಹೂಂ... ಹೆಂಗಸಾ? ಅದಕ್ಕೂ ಹೂಂ?

ನನ್ನ ಮಾರಿ ನೋಡಬ್ಯಾಡ. ಮಷೀನು ನೋಡು. ಕೇಳ್ತದಾ?

ಇನ್ನೂ ತಲಿ ಆಡಿಸಾಕತ್ತಿಯಲ್ಲ...

ಸೂಗಮ್ಮ, ಭೋಂಗಾದ ತಂತಿ ನನ್ನ ಕೈಯಾಗ ಅದ. ಆಗಳೇ ಕಿತ್ತೀನಿ. ವಾಲ್ವಿನ ದೀಪ ಹತ್ತಿದ್ದು ನೋಡಿ ಹೂಂ ಅಂತಿ ನೀ. ಮನ್ಯಾಗ ಒಂದು ಸಪ್ಪಳಿಲ್ಲ...

ಇರ್ಲಿ, ಮತ್ತ ಹಚ್ತೀನಿ, ಮತ್ತ... ಅಯ್ಯ! ಯಾಕ ಹಂಗ ಬಗ್ಗಿದಿ? ತಂತಿ ಹಚ್ಚಾಕ ಕೈ ಎತ್ತಿದೆನ! ಗೂಟ ಮ್ಯಾಲದ, ಅದಕ್ಕ ಎತ್ತಿದೆ! ಕೈ ತಗಿ, ಕಿವಿ ಮ್ಯಾಲಿನ ಕೈ ತಗಿ... ಹೊಡ್ಯಂಗಿಲ್ಲ ಅಂದ್ನಲ್ಲ! ಅವತ್ತಿಂದ ಒಂದು ಸಲನರ ಮುಟ್ಟೀನೇನು? ಅವತ್ತ ಸಿಟ್ಟಿನಾಗ... ಎರಡೂ ಕಪಾಳಕ್ಕ... ಎಷ್ಟು ಸಲ ಅಂತ ನನಗ ನೆನಪಿಲ್ಲ. ರಕ್ತ ಬಂದಾಗ ನಾನ ಒರಸಿದ್ನಿಲ್ಲ?

ಅಳಬ್ಯಾಡ. ಈಗ ನನ್ನ ಬಾಯಿ ನೋಡು. ನೋಡು, ಸಾವಕಾಶ ಅಂತೀನಿ. ನಾಳಿ ನಿಮ್ಮಣ್ಣ ಕೇಳ್ತಾನ. ದಿನಾ ಕಲಿಸೀನಲ್ಲ ನಿನಗ? ಜ್ವ-ರ. ಜ್ವರ ಬಂದಿತ್ತು, ಹೌದಿಲ್ಲೋ? ಹೂಂ ಅನ್ನು. ಎಲ್ಲಾದಕ್ಕೂ ತಲಿ ಆಡಿಸ್ದಿ... ಕೂಗದ ಭೋಂಗಾಕ್ಕೂ ಆಡಿಸ್ದಿ... ಇದೊಂದಕ್ಕ ಆಡಿಸು.

ಆಡಿಸು ಸೂಗಮ್ಮ.

ಯಾಕ ಹಂಗ ನೋಡ್ತಿ ನನ್ನ?