ಬೆಕ್ಕಿಗೆ ಎರಡು ಸಲ ಇನ್ಸುಲಿನ್

ಪಶುವೈದ್ಯರ ಕೋಣೆಯ ಹೊರಗೆ ಗಿಳಿಯ ಪಂಜರ ಹಿಡಿದು ಕೂತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಗಂಡ ಹೆಂಡಿರ ಕಡೆಗಿತ್ತು. ಅವರ ಬುಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕು.

"ಬೆಳಗ್ಗೆ ನಾನು ಇನ್ಸುಲಿನ್ ಕೊಟ್ಟಾಗಿತ್ತಲ್ರೀ, ನೀವ್ಯಾಕೆ ಮತ್ತೆ ಚುಚ್ಚಿದ್ರಿ?"

"ನೀನು ಸ್ನಾನಕ್ಕೆ ಹೋಗಿದ್ದೆ. ಮರೆತಿದ್ದೀಯ ಅಂದ್ಕೊಂಡೆ."

"ಅದು ತೂರಾಡಿದಾಗ ನನ್ನ ಜೀವ ಬಾಯಿಗೆ ಬಂತು."

"ಸಕ್ಕರೆ ತೀರಾ ಇಳಿದಿದೆ ಅಂತ ಅದರ ಒಸಡಿಗೆ ಜೇನುತುಪ್ಪ ಸವರಿದವನೂ ನಾನೇ ತಾನೆ? ಈಗ ನೋಡು, ನನ್ನನ್ನೇ ಗುರಾಯಿಸ್ತಿದೆ."

"ಸೂಜಿ ಕಂಡ್ರೆ ಕಣ್ಣು ಮುಚ್ಕೊಳ್ಳೋರು ನೀವು. ಬೆಕ್ಕು ಕಂಡ್ರೂ ಆಗಲ್ಲ ಅಂತಿದ್ರಿ."

"ಆಗಲ್ಲ ಅಂದ್ರೆ ಸಾಯ್ಲಿ ಅಂತಾನಾ?"

ಹೆಂಡತಿ ನಕ್ಕಳು. "ಸರಿ, ಇನ್ಮೇಲೆ ಬೆಳಗಿನದು ನಿಮ್ದು, ಸಂಜೆದು ನನ್ದು. ಕೊಟ್ಟ ತಕ್ಷಣ ಕ್ಯಾಲೆಂಡರಲ್ಲಿ ಗುರುತು ಹಾಕ್ಬೇಕು."

ಒಳಗಿನಿಂದ ಕರೆ ಬಂತು. ಹೆಂಡತಿ ಕೈ ಚಾಚಿದರೂ ಗಂಡ ಬುಟ್ಟಿ ಕೊಡಲಿಲ್ಲ. ಎದೆಗವಚಿಕೊಂಡು ತಾನೇ ಮುಂದೆ ನಡೆದ.