ಸರ್ ಬಂದಾಗ ಎದ್ದು ನಿಂತ ತಪ್ಪು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನನಗೆ ಗಣಿತ ಕಲಿಸಿದ ಕುಬೇರಪ್ಪ ಸರ್ ಅವರೇ, ಮೂರನೇ ಸಾಲಿನಿಂದ 'ಜಲ್ದಿ ಮುಗಸು' ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಅಮ್ಮಿ ಬೀಬಿಜಾನ ಅವರೇ, ಮಕ್ಕಳೇ, ಮುಂಡರಗಿಯ ಸಭಿಕರೇ,

ಆಕಾಶದಲ್ಲಿ ವಿಮಾನಗಳು ಮಿತಿಮೀರಿ ಹತ್ತಿರ ಬಂದರೆ ಅದರ ತನಿಖೆ ಮಾಡುವ ಹುದ್ದೆಗೆ ಆಯ್ಕೆಯಾದೆನೆಂದು ಇದೇ ಶಾಲೆಯಲ್ಲಿ ಓದಿದ ಈ ಅಮೀರಾಳಿಗೆ ಶಾಲು ಹೊದಿಸಿದ್ದೀರಿ. ನನ್ನ ಯೋಗ್ಯತೆ ಏನು? ಅಂಥದ್ದೊಂದು ಎಡವಟ್ಟನ್ನು ನಾನೇ ಮಾಡಿದ್ದೇನೆ! ನಗಬೇಡಿ, ಖರೆ.

ಏಳು ವರ್ಷದ ಹಿಂದೆ ದೊಡ್ಡ ವಿಮಾನ ನಿಲ್ದಾಣವೊಂದರಲ್ಲಿ ರೇಡಾರ್ ಮುಂದೆ ಕುಳಿತು ವಿಮಾನಗಳಿಗೆ ದಾರಿ ಹೇಳುತ್ತಿದ್ದೆ. ಎರಡು ವಿಮಾನಗಳು ಎದುರುಬದುರು ಬರುತ್ತಿದ್ದವು. ಒಂದಕ್ಕೆ 'ಬಲಕ್ಕೆ ತಿರುಗಿ' ಎನ್ನಬೇಕು. ಅಷ್ಟರಲ್ಲಿ ಹಿಂದೆ ಬಾಗಿಲು ತೆರೆಯಿತು. ಪರವಾನಗಿ ಪಡೆದು ನನ್ನನ್ನು ನೋಡಲು ಬಂದವರು ಯಾರು? ಕುಬೇರಪ್ಪ ಸರ್!

ನಾನೇನು ಮಾಡಿದೆ? ಈ ಶಾಲೆಯಲ್ಲಿ ಹತ್ತು ವರ್ಷ ಮಾಡಿದ್ದನ್ನೇ. ದಡಕ್ಕನೆ ಎದ್ದು ಕೈಮುಗಿದೆ. ಹೆಡ್‌ಫೋನ್-ಮೈಕಿನ ವೈರು ಕಿತ್ತು ಬಂತು. 'ಬಲಕ್ಕೆ' ಅಂದದ್ದು ನನ್ನ ಕಿವಿಗಷ್ಟೇ ಕೇಳಿತು. ಪಕ್ಕದ ಕುರ್ಚಿಯ ಶೈಲಾ ಪರದೆ ನೋಡಿ, ತಾನೇ ಮೈಕ್ ಹಿಡಿದು ಆ ವಿಮಾನವನ್ನು ತಿರುಗಿಸಿದಳು. ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಕಿತ್ತ ವೈರು ಹಿಡಿದು ನಿಂತೇ ಇದ್ದೆ.

"ಏನಾತವಾ?" ಎಂದರು ಸರ್.

"ಏನಿಲ್ರೀ ಸರ್," ಎಂದೆ.

ತನಿಖೆಯಲ್ಲೂ 'ಕುರ್ಚಿ ಜಾರಿತು' ಎಂದು ಬರೆದುಕೊಟ್ಟೆ. ಖರೆ ಹೇಳಿದರೆ ಸರ್ ಹೆಸರು ಬರುತ್ತದೆ, ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ? ನಾಳೆ ಇನ್ನೊಬ್ಬರ ಗುರುಗಳು ಬರುತ್ತಾರೆ, ಇನ್ನೊಬ್ಬರು ಏಳುತ್ತಾರೆ. ಎರಡು ದಿನ ಇದೇ ಲೆಕ್ಕ ಹಾಕಿದೆ. ತನಿಖೆಗೆ ಬಂದಿದ್ದ ರಫೀಕ ಸಾಹೇಬರು ನಮ್ಮ ಕಡೆಯವರೇ, ಬೆಟಗೇರಿಯವರು. ನನ್ನ ಮುಖ ನೋಡಿ, "ಯಾರ ತಪ್ಪು ಅಂತ ಕೇಳಾಕ ಬಂದಿಲ್ಲವಾ. ಯಾಕ ಆತು, ಅಷ್ಟ ಹೇಳು," ಎಂದರು.

ಹೇಳಿಬಿಟ್ಟೆ. ಅವರು ನಕ್ಕೇ ನಕ್ಕರು. "ನಮ್ಮ ಮಾಸ್ತರು ಬಂದಿದ್ರ ನಾನೂ ಏಳ್ತಿದ್ನಿ ಬಿಡು!"

ವರದಿಯಲ್ಲಿ ಯಾರ ಹೆಸರೂ ಬರಲಿಲ್ಲ. ನನಗೆ ಮೂರು ತಿಂಗಳು ಮರುತರಬೇತಿ ಸಿಕ್ಕಿತು. ಬಂದವರು ಇನ್ನುಮುಂದೆ ಗಾಜಿನ ಗೋಡೆಯ ಆಚೆ ನಿಂತೇ ನೋಡಬೇಕೆಂದು ನಿಯಮವಾಯಿತು. ಆ ಗೋಡೆ ಇವತ್ತಿಗೂ ಇದೆ. ಅದಕ್ಕೆ ನಾವು ನಮ್ಮನಮ್ಮಲ್ಲೇ 'ಕುಬೇರಪ್ಪನ ಗೋಡೆ' ಎನ್ನುತ್ತೇವೆ.

ಅಯ್ಯೋ, ಇದನ್ನು ಸರ್ ಎದುರು ಹೇಳುವ ವಿಚಾರವೇ ಇರಲಿಲ್ಲ! ಏಳು ವರ್ಷ ಅವರಿಂದ ಮುಚ್ಚಿಟ್ಟದ್ದು ಬಾಯಿಜಾರಿ ಹೋಯಿತು. ಸರ್, ತಪ್ಪಾತು... ಅರೇ, ನೀವ್ಯಾಕ ಎದ್ರಿ? ನನಗ್ಯಾಕ ಕೈಮುಗೀತೀರಿ? ಕುಂಡ್ರಿ ಸರ್, ಕುಂಡ್ರಿ!

ನೋಡಿ, ಸರ್ ಎದ್ದರೆಂದು ಮಕ್ಕಳೂ ಎದ್ದರು, ಅಮ್ಮಿಯೂ ಎದ್ದಳು. ಇರಲಿ, ಎಲ್ಲರೂ ಮನಸಾರೆ ನಿಲ್ಲಿ. ಈ ಹೊತ್ತು ಯಾವ ವಿಮಾನವೂ ನಮ್ಮ ಕೈಯಲ್ಲಿಲ್ಲ. ತಮಗೆಲ್ಲ ಧನ್ಯವಾದ, ಸರ್‌ಗೆ ಎರಡೂ ಕೈ ಜೋಡಿಸಿ ನಮಸ್ಕಾರ.